ಮುತ್ತಜ್ಜ ಮಲಗಿದ ಜಾಗಗಳು

ಗಂಡ ಸತ್ತ ಒಂಬತ್ತನೆಯ ದಿನದ ಜಪಮಾಲೆ ಪ್ರಾರ್ಥನೆ ಮುಗಿದು, ನೆಲದ ಮೇಲೆ ಸುಣ್ಣದಲ್ಲಿ ಬರೆದಿದ್ದ ಶಿಲುಬೆಯನ್ನು ಗುಡಿಸಿ ತೆಗೆದ ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಕೆರೇತರೊ ನಗರದ ನಮ್ಮ ಬೀದಿಗೆ ಸರದಿಯ ನೀರು. ಯಾರು ಸತ್ತರೂ ಬಕೆಟ್ ಇಡಲೇಬೇಕು. ಇಟ್ಟೆ.

ಮನೆ ನಾರುತ್ತಿತ್ತು. ಹೂದಾನಿಗಳಲ್ಲಿ ಸುಗಂಧರಾಜದ ಕಾಂಡಗಳು ಕೊಳೆತು ನೀರು ಲೋಳೆಯಾಗಿತ್ತು. ಬಂದವರಿಗೆಂದು ಕಾಸಿದ ಜೋಳದ ಗಂಜಿಯ ಪಾತ್ರೆಗೆ ಬೂಷ್ಟು ಹಿಡಿದಿತ್ತು. ಕಾಫಿ ಲೋಟಗಳ ತಳದಲ್ಲಿ ಸಿಗರೇಟಿನ ತುಂಡುಗಳು. ಜನ ಅತ್ತು, ತಿಂದು, ಸೇದಿ, ಎದ್ದು ಹೋಗಿದ್ದರು. ಆ ಲೋಳೆಯನ್ನು ಚರಂಡಿಗೆ ಸುರಿಯುವಾಗ ನನಗೆ ದುಃಖವಾಗಲಿಲ್ಲ. ಹೇಸಿಕೆಯಾಯಿತು. ಏನಾದರೂ ಒಂದು ಆಯಿತಲ್ಲ ಎನಿಸಿತು.

ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಯಂತ್ರದ ಮೇಲೆ ಮುತ್ತಜ್ಜ ನಿಂತಿದ್ದ. ಅವನ ಮುಂದಿನ ಮಣ್ಣಿನ ಬಟ್ಟಲು ಒಣಗಿತ್ತು.

ಮುತ್ತಜ್ಜ ಎಂದರೆ ಮೊಳದಷ್ಟು ಎತ್ತರದ ಮರದ ಶಿಲುಬೆ. ಎಲ್ ಸಬೀನೊ ಎಂಬ ಹಳ್ಳಿಯ ಒಂದು ಮನೆತನದ್ದು. ಆ ಕಡೆ ಮನೆತನಕ್ಕೊಂದು ಪುಟ್ಟ ಗುಡಿ, ಗುಡಿಯಲ್ಲಿ ಸತ್ತ ಪ್ರತಿಯೊಬ್ಬರಿಗೂ ಒಂದು ಶಿಲುಬೆ. ಎಲ್ಲರಿಗಿಂತ ಮೊದಲು ಸತ್ತವನು ನಡುವೆ ನಿಲ್ಲುತ್ತಾನೆ. ಹೊಸದಾಗಿ ಸತ್ತವರನ್ನು ಒಳಗೆ ಕರೆಯುವವನು ಅವನೇ. ನನ್ನ ಗಂಡ ಎಫ್ರೇನ್ ಅವನನ್ನು ಎರವಲು ತಂದಿದ್ದ. ಹಳೆಯ ವಸ್ತುಗಳನ್ನು ಎಲ್ಲ ಕೋನಗಳಿಂದ ಸಾವಿರಾರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಕಾಪಿಡುವ ಸಂಸ್ಥೆಯಲ್ಲಿ ಅವನ ಕೆಲಸ. ಮುತ್ತಜ್ಜನ ಮುಂದೆ ದಿನವೂ ನೀರಿಡಬೇಕು ಎಂದು ಮನೆತನದ ಮುದುಕಿ ದೋನ್ಯಾ ಮಾಕ್ಸಿಮಿನಾ ಮಾತು ತೆಗೆದುಕೊಂಡಿದ್ದಳು. ಸಂಸ್ಥೆಯ ಉಗ್ರಾಣದಲ್ಲಿ ನೀರಿಡುವಂತಿರಲಿಲ್ಲ. ಹಾಗಾಗಿ ಅವನನ್ನು ಮನೆಗೆ ತಂದುಬಿಟ್ಟಿದ್ದ.

"ಇವನು ನಿಜವಾಗ್ಲೂ ಕುಡೀತಾನಾ?" ಎಂದು ಕೇಳಿದ್ದೆ. ನಾನು ರಸಾಯನಶಾಸ್ತ್ರ ಓದಿದವಳು. ನಗರದ ನೀರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ.

"ನಿನ್ನ ಲೆಕ್ಕದಲ್ಲಿ ಆವಿಯಾಗತ್ತೆ. ಅವರ ಲೆಕ್ಕದಲ್ಲಿ ಕುಡೀತಾನೆ. ಬಟ್ಟಲಂತೂ ಖಾಲಿಯಾಗತ್ತಲ್ಲ ಒತಿಲ್ಯಾ, ತುಂಬಿಸೋಣ ಬಿಡು," ಎಂದಿದ್ದ.

ಜೂನ್‌ನಲ್ಲಿ ಸಂತ ಯೋಹಾನನ ಹಬ್ಬಕ್ಕೆ ತಿರುಗಿ ಕೊಡುತ್ತೇನೆ ಎಂದು ಹೇಳಿ ತಂದಿದ್ದ. ಕೊಡಲಿಲ್ಲ. ಇನ್ನೂ ಸೂಕ್ಷ್ಮವಾದ ಚಿತ್ರ ಬೇಕೆಂದು ಸಂಸ್ಥೆ ಕೇಳಿತು, ತೆಗೆದ. ಮತ್ತೆ ಕೇಳಿತು, ಮತ್ತೆ ತೆಗೆದ. ಜುಲೈಯಲ್ಲಿ ಮಾಕ್ಸಿಮಿನಾಳ ಮಗ ಹಿಲಾರ್ಯೊ ಬತ್ತಿದ ಬಾವಿಯನ್ನು ಇನ್ನಷ್ಟು ತೋಡಲು ಇಳಿದ, ಬಾವಿಯ ಬದಿ ಕುಸಿದು ಸತ್ತ. ಆಮೇಲೆ ಎಫ್ರೇನ್‌ನ ಫೋನಿಗೆ ಒಂದು ಸಂದೇಶ ಬಂತು. 'ನನ್ನ ಮಗ ಬಾಗಿಲ ಹೊರಗೆ ನಿಂತಿದ್ದಾನೆ. ಅಜ್ಜನನ್ನು ತಂದುಕೊಡಿ.' ಎಫ್ರೇನ್ ಅದನ್ನು ಓದಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಮುಂದಿನ ವಾರ, ಎಂದ. ಅದೇ ಸಂದೇಶ ಮತ್ತೆ ಬಂತು. ಮುಂದಿನ ವಾರ, ಎಂದ. ಸೆಪ್ಟೆಂಬರಿನಲ್ಲಿ ಹೆದ್ದಾರಿಯಲ್ಲಿ ಒಂದು ಲಾರಿ ಅವನ ಕಾರಿನ ಮೇಲೆ ಹತ್ತಿತು.

ನಾನು ಬಟ್ಟಲಿಗೆ ನೀರು ತುಂಬಿದೆ. ಫೋನ್ ರಿಂಗಾಯಿತು. ಸಂಸ್ಥೆಯ ನಿರ್ದೇಶಕ, ಡಾಕ್ಟರ್ ಬಾಲ್ತಸಾರ್.

"ಒತಿಲ್ಯಾ, ಮಗಳೇ. ಊಟ ಮಾಡ್ತಿದ್ದೀಯಾ? ಮಾಡಬೇಕು. ಇದನ್ನ ಈಗ ಕೇಳೋದು ಸರಿಯಲ್ಲ, ಗೊತ್ತು. ಆ ಶಿಲುಬೆ ನಿಮ್ಮ ಮನೇಲಿದೆ ಅಲ್ವಾ?"

ನಾನು ತುಂಬಿದ ಬಟ್ಟಲನ್ನು ಮುತ್ತಜ್ಜನ ಮುಂದಿಟ್ಟೆ.

"ಎಫ್ರೇನ್ ಮಾಡಿದ್ದು ನಿಯಮದ ಪ್ರಕಾರ ತಪ್ಪು. ಆದ್ರೆ ಯಾರೂ ದೂರು ಕೊಡಲ್ಲ, ಹೆದರಬೇಡ. ಹೊಸ ಕಟ್ಟಡ ಶನಿವಾರ ಉದ್ಘಾಟನೆ. ಬಾಗಿಲಲ್ಲೇ ಗಾಜಿನ ಪೆಟ್ಟಿಗೇಲಿ ಅದನ್ನ ನಿಲ್ಲಿಸ್ತೀವಿ. ಕೆಳಗೆ ಎಫ್ರೇನ್ ಹೆಸರು. ಕಾರು ಕಳಿಸಿದ್ದೀನಿ."

ಮುತ್ತಜ್ಜನನ್ನು ಎಫ್ರೇನ್‌ನ ಸ್ನಾನದ ಟವೆಲ್ಲಿನಲ್ಲಿ ಸುತ್ತಿಕೊಂಡು ಕಾರು ಹತ್ತಿದೆ. ಬೇಡವೆನ್ನಲು ಬಾಯಿ ತೆರೆಯಬೇಕು. ಕಾರು ಹತ್ತಲು ಅದೂ ಬೇಕಿರಲಿಲ್ಲ.

*

ಆ ಕಟ್ಟಡಕ್ಕೆ ಕಿಟಕಿಗಳಿಲ್ಲ. ಮುಳ್ಳುಗಿಡಗಳ ಬಯಲಿನಲ್ಲಿ ಬಿಳಿಯ, ಉದ್ದನೆಯ ಪೆಟ್ಟಿಗೆ. ಛಾವಣಿಯ ಗೋಪುರಗಳಿಂದ ಹಬೆ ಏಳುತ್ತಿತ್ತು. ಗುಂಯ್‌ ಎಂಬ ಸದ್ದು ಕಿವಿಗಿಂತ ಮೊದಲು ಹಲ್ಲಿಗೆ ತಾಗಿತು. ಕಟ್ಟಡ ಯಾವುದೋ ದೊಡ್ಡ ಕಂಪನಿಯದು. ಹಳೆಯ ವಸ್ತುಗಳ ಚಿತ್ರಗಳನ್ನು ತಮ್ಮ ಕಂಪ್ಯೂಟರುಗಳಲ್ಲಿ ಪುಕ್ಕಟೆಯಾಗಿ ಇಟ್ಟುಕೊಳ್ಳುತ್ತೇವೆ ಎಂದು ಅವರೇ ಮುಂದೆ ಬಂದಿದ್ದರು. ಅದರ ಬೇಲಿಯಾಚೆ, ಒಂದು ಕೊರಕಲು ದಾಟಿದರೆ, ಎಲ್ ಸಬೀನೊ.

ಡಾಕ್ಟರ್ ನನ್ನ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋದರು. ಶನಿವಾರದ ಔತಣದ ತಿಂಡಿಗಳ ರುಚಿ ನೋಡುತ್ತಿದ್ದರು. ಮೀಸೆಯಲ್ಲಿ ಬಿಳಿಯ ಸಾಸು ಅಂಟಿತ್ತು. ಒಳಗೆ ಚಳಿ. ಆ ಚಳಿ ನನಗೆ ಗೊತ್ತಿತ್ತು. ಎಫ್ರೇನ್‌ನನ್ನು ಗುರುತಿಸಲು ಕರೆದ ದಿನ, ಆಸ್ಪತ್ರೆಯ ಶವಾಗಾರದಲ್ಲಿ ಉಕ್ಕಿನ ಡ್ರಾಯರನ್ನು ಎಳೆದಾಗ ಮುಖಕ್ಕೆ ಬಡಿದ ಚಳಿ ಅದು.

ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಮುತ್ತಜ್ಜ ನಿಧಾನವಾಗಿ ತಿರುಗುತ್ತಿದ್ದ. ನೀಲಿ, ಕೆಂಪು, ಒಂದು ಕಡೆ ಸೂರ್ಯ, ಒಂದು ಕಡೆ ಚಂದ್ರ.

"ಉಗುರಿನ ಗೀರೂ ಕಾಣತ್ತೆ ನೋಡು," ಎಂದರು ಡಾಕ್ಟರ್.

"ಯಾರು ನೋಡಿದ್ದಾರೆ ಇದನ್ನ?"

"ಇಡೀ ಜಗತ್ತು ನೋಡಬಹುದು."

"ಯಾರು ನೋಡಿದ್ದಾರೆ ಅಂತ ಕೇಳ್ದೆ."

ಪರದೆಯ ಕೆಳಗೆ ಕೂತಿದ್ದ ತಂತ್ರಜ್ಞೆ ಮೆತ್ತಗೆ ನಕ್ಕಳು. "ಎಫ್ರೇನ್ ಸರ್ ನೋಡ್ತಿದ್ರು. ಇಂಟರ್‌ನೆಟ್ಟಿನ ಹುಡುಕೋ ಯಂತ್ರಗಳು ಬಂದು ಮೂಸಿ ಹೋಗ್ತವೆ. ಮನುಷ್ಯರು ಅಂತ ನೋಡಿದ್ರೆ... ಇನ್ನೂ ಇಲ್ಲ ಮೇಡಂ."

ಡಾಕ್ಟರ್ ಅವಳತ್ತ ಕಣ್ಣುಬಿಟ್ಟರು. ಅವಳು ಪಾಪ, ವಿಷಯ ಬದಲಿಸಲು ಎಫ್ರೇನ್ ತೆಗೆದ ಚಿತ್ರಗಳನ್ನು ಒಂದೊಂದಾಗಿ ತೋರಿಸತೊಡಗಿದಳು. ಎಲ್ಲ ಒಂದೇ ತರಹ. ನಡುವೆ ಅಲುಗಾಡಿದವು, ಕತ್ತಲಾದವು. ಒಂದರಲ್ಲಿ ಬರಿಯ ಅವನ ಹೆಬ್ಬೆರಳು. ಗುಲಾಬಿ ಬಣ್ಣದ ದೊಡ್ಡ ಗುಡ್ಡದಂತೆ, ಮಸುಕಾಗಿ. ಅದರ ಹಿಂದೆ ಶಿಲುಬೆಯ ಒಂದು ತುದಿ.

"ಇದನ್ನ ಯಾಕೆ ಅಳಿಸಿಲ್ಲ?" ಎಂದೆ.

"ಏನೂ ಅಳಿಸಲ್ಲ ಮೇಡಂ. ಬೇರೆ ಬೇರೆ ಊರಲ್ಲಿ ಇದರ ನಕಲುಗಳಿವೆ. ಒಂದು ಕಟ್ಟಡ ಸುಟ್ಟುಹೋದ್ರೂ ಇನ್ನೊಂದರಲ್ಲಿ ಇರತ್ತೆ."

ಎಫ್ರೇನ್ ಮಣ್ಣಿನಲ್ಲಿದ್ದ. ಅವನ ಹೆಬ್ಬೆರಳನ್ನು ಇವರು ಊರೂರಲ್ಲಿ ತಣ್ಣಗಿಟ್ಟಿದ್ದರು.

"ಅವನು ಸತ್ತಿಲ್ಲ ಮಗಳೇ," ಎಂದರು ಡಾಕ್ಟರ್. ಬಾಯಿಂದ ಬೆಳ್ಳುಳ್ಳಿಯ ವಾಸನೆ ಬಂತು. "ಇಲ್ಲೇ ಇದ್ದಾನೆ. ಅವನ ದನಿಯೂ ಇದೆ, ಸಭೆಗಳಲ್ಲಿ ಮಾತಾಡಿದ್ದು. ಅದನ್ನೂ ಇಲ್ಲೇ ಕಾಪಿಡೋಣ. ನಿನಗೆ ಯಾವಾಗ ಬೇಕಾದ್ರೂ ಕೇಳಬಹುದು."

ನಾನು ಗಾಜಿನ ಪೆಟ್ಟಿಗೆಯತ್ತ ನೋಡಿದೆ.

"ಬಟ್ಟಲು ಎಲ್ಲಿಡೋದು?"

"ಯಾವ ಬಟ್ಟಲು?"

"ನೀರಿನ ಬಟ್ಟಲು. ಇವನ ಮುಂದೆ ನೀರಿಡಬೇಕು."

"ನೀರಾ! ಅಯ್ಯೋ, ಇಲ್ಲಿ ಒಂದು ತೊಟ್ಟು ನೀರೂ ತರೋ ಹಾಗಿಲ್ಲ. ಸುತ್ತ ಎಲ್ಲ ಯಂತ್ರಗಳು."

ಗೋಡೆಯ ಹಿಂದೆ ನೀರು ಓಡುವ ಸದ್ದು ಕೇಳುತ್ತಿತ್ತು. ಹಂದಿಯ ಹೊಟ್ಟೆಯಷ್ಟು ದಪ್ಪದ ಕೊಳವೆಗಳಲ್ಲಿ. ನಾನು ಸ್ವಲ್ಪ ಗಾಳಿ ಬೇಕು ಎಂದೆ. ಟವೆಲ್ಲಿನ ಗಂಟು ಕಂಕುಳಲ್ಲೇ ಇತ್ತು.

ಹಿಂದಿನ ಬಾಗಿಲಾಚೆ, ಕೊಳವೆಯೊಂದು ಕೊರಕಲಿಗೆ ನೀರು ಕಕ್ಕುತ್ತಿತ್ತು. ಬೆಚ್ಚಗಿನ ನೀರು, ಮೇಲೆ ಹಳದಿ ನೊರೆ. ಕ್ಲೋರಿನ್ನಿನ ಘಾಟು ಮತ್ತು ಅದರಡಿಯಲ್ಲಿ ಇನ್ನೇನೋ ಸಿಹಿಯಾದ ದುರ್ವಾಸನೆ. ದಡದ ಕಲ್ಲುಗಳಿಗೆ ಉಪ್ಪು ಹುಣ್ಣಿನ ಹಕ್ಕಳೆಯಂತೆ ಕಟ್ಟಿತ್ತು. ಪೊದೆಗಳು ಬುಡದಿಂದ ಸುಟ್ಟು ಬಂದಿದ್ದವು. ಒಂದು ಕಾಡುಹೆಗ್ಗಣ ಉಬ್ಬಿ ತೇಲುತ್ತಿತ್ತು. ಆಡುಗಳ ಗೊರಸಿನ ಗುರುತುಗಳು ನೀರಿನ ಅಂಚಿನವರೆಗೆ ಬಂದು ಹಿಂದಕ್ಕೆ ತಿರುಗಿದ್ದವು. ಪಕ್ಕದಲ್ಲಿ ಕಿತ್ತೆಸೆದ ಯಂತ್ರಗಳ ರಾಶಿ, ಒಡೆದ ಬ್ಯಾಟರಿಗಳು, ಅದರ ಮೇಲೂ ನೊಣ. ಕೆಲಸ ಶುರುವಾಗಿ ಬಹಳ ಕಾಲವಾಗಿತ್ತು. ಶನಿವಾರ ನಡೆಯಬೇಕಿದ್ದದ್ದು ರಿಬ್ಬನ್ ಕತ್ತರಿಸುವುದು ಮಾತ್ರ. ಈ ನೀರಿನ ಒಂದು ಬಾಟಲಿಯೂ ನನ್ನ ಪ್ರಯೋಗಾಲಯಕ್ಕೆ ಬಂದಿರಲಿಲ್ಲ.

ಅಲ್ಲೇ ಬಗ್ಗಿ ವಾಂತಿ ಮಾಡಿದೆ. ಬೆಳಗಿನ ಕಾಫಿ ಬಿಟ್ಟು ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಎಫ್ರೇನ್ ಈ ಬಾಗಿಲಿನಿಂದ ಹೊರಗೆ ಬಂದು ಸಿಗರೇಟು ಸೇದುತ್ತಿದ್ದನೇ? ಬಂದೇ ಇರಬೇಕು. ಇದನ್ನೆಲ್ಲ ನೋಡಿದ್ದಾನೆ. ನೋಡಿ ಸಂಸ್ಥೆಗೆ ಹೋಗಿ ಮತ್ತೊಂದು ಚಿತ್ರ ತೆಗೆದಿದ್ದಾನೆ. ಮನೆಗೆ ಬಂದು ಬಟ್ಟಲಿಗೆ ನೀರು ತುಂಬಿದ್ದಾನೆ. ನನಗೆ ಅವನ ಮೇಲೂ ಹೇಸಿಕೆಯಾಯಿತು. ಸತ್ತವನ ಮೇಲೆ ಹೇಸಿಕೆ ಪಡುವುದು ಹೇಗೆಂದು ಯಾರೂ ಹೇಳಿಕೊಡುವುದಿಲ್ಲ.

ಹಿಂದಿನ ಗೇಟಿನ ಕಾವಲುಗಾರ ಗಂಟು ನೋಡಿದ. "ಏನಮ್ಮ ಅದು?"

"ಟವೆಲ್."

"ಈಜೋಕೆ ಹೋಗ್ತಿದ್ದೀರಾ?" ಎಂದು ನಕ್ಕು ಗೇಟು ತೆಗೆದ.

*

ದೋನ್ಯಾ ಮಾಕ್ಸಿಮಿನಾಳ ಗುಡಿ ಅಂಗಳದ ಮೂಲೆಯಲ್ಲಿತ್ತು. ಬಗ್ಗಿ ಹೋಗಬೇಕಾದ ಬಾಗಿಲು, ಮೇಲೆ ಮೊಟ್ಟೆಯಂಥ ಗುಮ್ಮಟ. ಯಂತ್ರಗಳ ಸದ್ದು ಅಲ್ಲಿಗೂ ಬರುತ್ತಿತ್ತು. ಅಂಗಳದಲ್ಲಿ ಟ್ಯಾಂಕರಿನ ನೀರು ತುಂಬಿದ ನೀಲಿ ಡ್ರಮ್ಮು. ನನ್ನ ವಯಸ್ಸಿನ ಹೆಂಗಸೊಬ್ಬಳು ಅದರಿಂದ ಸೋರೆ ಬುರುಡೆಯಲ್ಲಿ ನೀರು ತೋಡುತ್ತಿದ್ದಳು. ಹಿಲಾರ್ಯೊನ ಹೆಂಡತಿ ಕ್ಲೆಯೋಫಾಸ್ ಎಂದು ಆಮೇಲೆ ತಿಳಿಯಿತು.

"ಅತ್ತೇ," ಎಂದು ಕೂಗಿದಳು, "ಸಂಸ್ಥೆಯೋರು ಬಂದವ್ರೆ. ಈ ಸಲ ಏನ್ ಬೇಕಂತೆ ಕೇಳಿ. ಬಾಗಿಲ ಚಿಲಕ ಒಂದು ಉಳ್ದೈತೆ."

"ನಾನು ಎಫ್ರೇನ್ ಹೆಂಡತಿ," ಎಂದೆ.

"ಓಹೋ. ಹೆಂಡ್ತೀನ ಕಳ್ಸವ್ನಾ! ತಾನು ಬರಾಕೆ ನಾಚ್ಕೆ ಆಯ್ತಂತಾ?"

"ಸತ್ತುಹೋದ."

ಅವಳ ಕೈಯ ಬುರುಡೆಯಿಂದ ನೀರು ಡ್ರಮ್ಮಿಗೇ ಚೆಲ್ಲಿತು. "ನಿಂಗೂನಾ," ಎಂದಳು. ಸ್ವಲ್ಪ ಹೊತ್ತು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸೂತಕದ ಕಪ್ಪು ಉಟ್ಟಿಲ್ಲ?"

"ಒಗೆಯೋಕೆ ಹಾಕಿದ್ದೀನಿ."

"ನಂದೂ ಒಂದೇ ಜೊತೆ," ಎಂದಳು.

ಮಾಕ್ಸಿಮಿನಾ ಕೋಲೂರಿಕೊಂಡು ಬಂದು ಗುಡಿಯ ಬಾಗಿಲೊಳಗೆ ನಿಂತಳು. ಚಿಕ್ಕ ಮುದುಕಿ, ಬಾಗಿಲಿಗೆ ಅಳತೆ ಕೊಟ್ಟು ಮಾಡಿಸಿದಂತಿದ್ದಳು. ನಾನು ಗಂಟನ್ನು ಮುಂದೆ ಚಾಚಿದೆ. ಅವಳು ಕೋಲು ಅಡ್ಡ ಹಿಡಿದಳು.

"ತಡೀ ತಾಯಿ. ಹಂಗೆ ಕೊಡಂಗಿಲ್ಲ. ಕೊಂಡೋದೋರು ಹೊಸ್ಲಾಚೆ ನಿಂತು ಹೇಳ್ಬೇಕು, ಅಜ್ಜ ಎಲ್ಲೆಲ್ಲಿ ಮಲಗಿದ್ದ ಅಂತ. ಒಂದೂ ಬಿಡಬಾರ್ದು. ಬಿಟ್ರೆ ಅವ್ನು ಅಷ್ಟು ಅಲ್ಲೇ ಉಳ್ಕೊಬುಡ್ತಾನೆ. ಕೊಂಡೋದೋನು ಸತ್ತವ್ನೆ, ನೀನು ಹೇಳು."

ಹೇಳಿದೆ. ಎಫ್ರೇನ್‌ನ ಕಾರಿನ ಹಿಂದಿನ ಸೀಟು. ಸಂಸ್ಥೆಯ ಮೇಜು, ದೀಪಗಳ ಕೆಳಗೆ. ಪ್ಲಾಸ್ಟಿಕ್ ಪೆಟ್ಟಿಗೆ. ನಮ್ಮ ಹಿತ್ತಲಿನ ಬಟ್ಟೆ ಯಂತ್ರ.

"ಯಂತ್ರದ ಮೇಲಾ? ಅದು ಕುಣೀತದಲ್ಲ!"

"ಒಗೆಯೋವಾಗ ಕೆಳಗಿಳಿಸ್ತಿದ್ವಿ."

"ಮತ್ತೆ ನೀರು?"

"ದಿನಾ. ಎಫ್ರೇನ್ ಸತ್ತಾಗಿಂದ ಇಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ಇಟ್ಟೆ."

"ಹೆಣದ ಮನೆ. ಅವ್ನಿಗೆ ಅರ್ಥ ಆಯ್ತದೆ. ಇನ್ನೂ ಐತಾ?"

ಅಲ್ಲಿಗೆ ನಿಲ್ಲಿಸಬಹುದಿತ್ತು. ನನ್ನ ಬಾಯಲ್ಲಿ ಇನ್ನೂ ವಾಂತಿಯ ಹುಳಿ ಇತ್ತು. ಬೇಲಿಯಾಚೆಯ ಬಿಳಿಯ ಗೋಡೆಯನ್ನು ತೋರಿಸಿದೆ. "ಅಲ್ಲೂ ಇದ್ದಾನೆ. ಈಗಲೂ."

ಕ್ಲೆಯೋಫಾಸ್ ಹತ್ತಿರ ಬಂದಳು. "ಅಲ್ಲೆಂಗವ್ನೆ? ಕೈಯಾಗೆ ಹಿಡ್ಕೊಂಡಿದ್ದೀಯಲ್ಲ?"

"ಅವನ ಚಿತ್ರಗಳು. ಯಂತ್ರಗಳೊಳಗೆ ಇಟ್ಟಿದ್ದಾರೆ."

"ಅದ್ಕೇನಾ ಹಗಲೂ ರಾತ್ರಿ ಆ ಗುಂಯ್‌ ಗುಂಯ್‌?"

"ಅವನೊಬ್ಬನಿಗಲ್ಲ. ಅಲ್ಲಿ ಎಲ್ಲಾ ಇದೆ. ಬ್ಯಾಂಕುಗಳದ್ದು, ಅಂಗಡಿಗಳದ್ದು, ಜನ ಊಟದ ತಟ್ಟೆ ಫೋಟೊ ತೆಗೆದದ್ದು. ಅದರ ಮಧ್ಯೆ ಅವನೂ ಇದ್ದಾನೆ."

"ಬಾವಿ ನೀರು ಕುಡೀತಿರೋದು ಅದೇ ಕಟ್ಟಡ ಅಲ್ವಾ?"

"ಹೌದು. ಯಂತ್ರ ಬಿಸಿಯಾಗತ್ತೆ. ನೀರು ಹರಿಸಿ ತಣ್ಣಗಿಡಬೇಕು."

"ಅಂದ್ರೆ ಕುಡೀತಿರೋನು ಇವ್ನೂ." ಅವಳು ಗಂಟಿನತ್ತ ಬೆರಳು ಮಾಡಿದಳು. ದನಿ ಏರಲಿಲ್ಲ. "ನನ್ ಗಂಡ ಬಾವಿಗೆ ಇಳಿದಿದ್ದು ಇವ್ನ ಬಾಯಾರಿಕೆಗಾ?"

"ಅದು ಅವನಲ್ಲ," ಎಂದೆ. "ಚಿತ್ರ ಅಷ್ಟೆ."

"ಆ ಚಿತ್ರಾನ ಯಾರು ನೋಡ್ತಾರೆ?" ಎಂದಳು ಮುದುಕಿ.

"ಯಾರೂ ಇಲ್ಲ."

"ಯಾರೂ ನೋಡ್ದೆ ಇದ್ರೂ ನೀರು ಬೇಕಾ?"

"ಬೇಕು."

ಮುದುಕಿ ನೆಲಕ್ಕೆ ಉಗಿದಳು. "ಅಜ್ಜನಿಗೆ ದಿನಕ್ಕೊಂದು ಬಟ್ಟಲು. ಅವ್ನ ಚಿತ್ರಕ್ಕೆ ಒಂದು ಬಾವಿ! ನಮ್ ವಂಶದಾಗೆ ಇಂಥ ಹೊಟ್ಟೆಬಾಕ ಯಾವೋನೂ ಹುಟ್ಟಿರ್ಲಿಲ್ಲ." ಆಮೇಲೆ ಕೋಲು ಕೆಳಗಿಳಿಸಿದಳು. "ಬಿಚ್ಚು. ಮುಖ ತೋರ್ಸು."

ಟವೆಲ್ ಬಿಚ್ಚಿದೆ. ನೀಲಿ, ಕೆಂಪು ಬಿಸಿಲಿಗೆ ಹೊಳೆದವು. ಮುದುಕಿ ಹೆಜ್ಜೆ ಹಿಂದಿಟ್ಟಳು.

"ಇದ್ಯಾರು?"

ಎರವಲು ಕೊಟ್ಟಾಗ ಅವನು ಕಲ್ಲಿದ್ದಲಿನಂತೆ ಕಪ್ಪಾಗಿದ್ದ. ಬಣ್ಣ ಕ್ಯಾಮೆರಾಕ್ಕೆ ಕಾಣಲೆಂದು ಸಂಸ್ಥೆಯವರು ದ್ರಾವಕದಲ್ಲಿ ಹತ್ತಿ ಅದ್ದಿ ವಾರಗಟ್ಟಲೆ ಒರೆಸಿದ್ದರು. ಆ ಕಪ್ಪು ಹತ್ತಿಯುಂಡೆಗಳು ತುಂಬಿದ ಚೀಲವನ್ನು ನಾನು ಕಂಡಿದ್ದೆ. ಸುಟ್ಟ ಚರ್ಮದ ಹಾಗೆ ಕಂಡಿತ್ತು.

"ಇವ್ನು ನಮ್ಮೋನಲ್ಲ," ಎಂದಳು ಮಾಕ್ಸಿಮಿನಾ. "ಬದಲಾಯಿಸವ್ರೆ."

"ಅವನೇ. ಕೊಳೆ ತೆಗೆದರು, ಅಷ್ಟೇ."

"ಕೊಳೆ? ನಮ್ಮವ್ವ ಹಚ್ಚಿದ ದೀಪದ ಮಸಿ ಅದು. ಅವ್ಳವ್ವ ಹಾಕಿದ ಧೂಪ. ಮದುವೆಗೆ ಎರಚಿದ ಹೆಂಡ, ಕೋಳಿ ರಕ್ತ. ಅವ್ನು ಉಂಡಿದ್ದನ್ನೆಲ್ಲ ಕೆರೆದು ಎತ್ಕೊಂಡು, ಮೂಳೆ ತಂದು ಕೊಡ್ತೀಯಾ?" ಕೊಟ್ಟಿಗೆಯತ್ತ ಕೋಲು ತೋರಿಸಿದಳು. "ಇವ್ನು ಅವ್ನಲ್ದೆ ಹೋದ್ರೆ ನನ್ ಮಗನ್ನ ಯಾರು ಕರೀತಾರೆ? ಅವ್ನ ಶಿಲುಬೆ ಮಾಡ್ಸಿ ಇಟ್ಟೀವಿ, ಕೊಟ್ಟಿಗೆಯಾಗೆ ಆಡುಗಳ ಜೊತೆ ನಿಂತವ್ನೆ."

ಫೋನ್ ರಿಂಗಾಯಿತು. ನಿಂತಿತು. ಮತ್ತೆ ರಿಂಗಾಯಿತು.

"ತಗೀ," ಎಂದಳು ಕ್ಲೆಯೋಫಾಸ್. "ಯಾರಿದ್ದಾರೋ ಯಾರು ಸತ್ತಾರೋ."

"ಎಲ್ಲಿದ್ದೀಯ ಮಗಳೇ?" ಡಾಕ್ಟರ್ ಏದುಸಿರು ಬಿಡುತ್ತಿದ್ದರು. "ಶಿಲುಬೆ ಎಲ್ಲಿ?"

"ಅವರ ಮನೆ ಬಾಗಿಲಲ್ಲಿ."

"ಹುಚ್ಚಾ ನಿನಗೆ? ಅಲ್ಲಿ ಹುಳ ತಿನ್ನತ್ತೆ. ಮಸಿ ಹಿಡಿಯತ್ತೆ. ಅದು ದೇಶದ ಆಸ್ತಿ!"

"ಚಿತ್ರ ನಿಮ್ಮ ಹತ್ತಿರ ಇದೆಯಲ್ಲ ಡಾಕ್ಟರ್. ಉಗುರಿನ ಗೀರೂ ಕಾಣತ್ತೆ ಅಂದ್ರಿ."

"ಅದು ಬೇರೆ, ಇದು ಬೇರೆ!"

"ಅದನ್ನೇ ಇವರೂ ಹೇಳ್ತಿದ್ದಾರೆ," ಎಂದು ಫೋನ್ ಆರಿಸಿದೆ.

ಮುತ್ತಜ್ಜನನ್ನು ಹಿಂದುಮುಂದು ಮಾಡಿ ಮುದುಕಿಯ ಕಣ್ಣೆದುರು ಹಿಡಿದೆ. ಬೆನ್ನಿನಲ್ಲಿ, ಅಡ್ಡತೋಳಿನ ಕೆಳಗೆ, ಅಂಚೆ ಚೀಟಿಯಷ್ಟು ಜಾಗ ಕಪ್ಪಾಗಿಯೇ ಇತ್ತು. ಗೆರೆ ಎಳೆದಂತೆ ಚೌಕ. ಒರೆಸುವವರು ಹಾಗೊಂದು ಜಾಗ ಬಿಡುತ್ತಾರೆ.

ಮಾಕ್ಸಿಮಿನಾ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಆ ಚೌಕವನ್ನು ಉಜ್ಜಿದಳು. ಮೂಸಿದಳು. ಮತ್ತೆ ಮೂಸಿದಳು.

"ಇಷ್ಟು ಯಾಕೆ ಬಿಟ್ಟವ್ರೆ?"

"ಮೊದಲು ಹೇಗಿದ್ದ ಅನ್ನೋದಕ್ಕೆ ಸಾಕ್ಷಿ ಇರಲಿ ಅಂತ."

"ಹಂಗಾದ್ರೆ ಗೊತ್ತಿತ್ತು ಅವ್ರಿಗೆ," ಎಂದಳು. ಹೆಬ್ಬೆರಳ ತುದಿಯ ಮಸಿಯನ್ನು ತನ್ನ ಹಣೆಗೆ ಒತ್ತಿಕೊಂಡಳು. "ನಮ್ ಧೂಪಾನೇ. ಇಷ್ಟಾದ್ರೂ ಬಂದ್ನಲ್ಲ. ಮಿಕ್ಕಿದ್ದು ನಾವು ಮತ್ತೆ ತಿನ್ನಿಸ್ಬೇಕು. ನನ್ ಕಾಲಕ್ಕೆ ಮುಗಿಯಲ್ಲ, ಇವ್ಳ ಕಾಲಕ್ಕೂ ಮುಗಿಯಲ್ಲ. ಎಲ್ಲಾ ಹೇಳಿದ್ಯಾ ತಾಯಿ? ಎಲ್ಲೂ ಬಿಟ್ಟಿಲ್ವಾ?"

"ಇವತ್ತು ನನ್ನ ಕಂಕುಳಲ್ಲಿದ್ದ," ಎಂದೆ. "ಇನ್ನೆಲ್ಲೂ ಇಲ್ಲ."

"ದಾಟ್ಸು."

ಎರಡೂ ಕೈಯಿಂದ ಅವನನ್ನು ಹೊಸಿಲ ಮೇಲೆ ಚಾಚಿದೆ. ಅವಳು ಎರಡೂ ಕೈಯಿಂದ ತೆಗೆದುಕೊಂಡಳು. ಬೆರಳು ಬಿಡಿಸಿಕೊಳ್ಳಲು ನನಗೆ ಒಂದು ಕ್ಷಣ ಹಿಡಿಯಿತು. ಅವಳು ಕಾದಳು, ಎಳೆಯಲಿಲ್ಲ. ಕತ್ತಲೆಯೊಳಗೆ ಮರ ಕಲ್ಲಿನ ಕುಳಿಗೆ ಕೂತ ಸದ್ದಾಯಿತು.

"ಕ್ಲೆಯೋಫಾಸ್," ಎಂದು ಒಳಗಿಂದ ದನಿ ಬಂತು, "ಅಜ್ಜ ಕರೀತವ್ನೆ. ನಿನ್ ಗಂಡನ್ನ ಕರ್ಕೊಂಡ್ ಬಾ."

ಕ್ಲೆಯೋಫಾಸ್ ಬುರುಡೆಯನ್ನು ನನ್ನ ಕೈಗೆ ಕೊಟ್ಟು, ಒದ್ದೆ ಕೈಗಳನ್ನು ಲಂಗಕ್ಕೆ ಒರೆಸಿಕೊಂಡು, ಕೊಟ್ಟಿಗೆಯತ್ತ ನಡೆದಳು.